ನೀರು ಕುಡಿಯದ ನೂಲು

ಅವ್ವನ ಮಲ್ಲಿಗೆಯಲ್ಲಿ ಉಳಿದದ್ದು ಅದೊಂದೇ ಗಿಡ. ಖಾನಾಪುರದ ತವರುಮನೆ ಮಾರುವ ಮುಂಚೆ ಟೊಂಗೆ ಮುರಿದು ತಂದು, ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಯ ಕಟ್ಟೆಯ ಮೇಲೆ ಕುಂಡದಲ್ಲಿ ನೆಟ್ಟಿದ್ದೆ. ಏಪ್ರಿಲ್ ಬಿಸಿಲಲ್ಲಿ, ಖಾನಾಪುರದಲ್ಲಿರುವ ತಂಗಿಗೆ ಜ್ವರ ಎಂದು ನಾನು ಹೊರಡಬೇಕಾಯಿತು. ಮನೆಯಲ್ಲಿ ನಾನೊಬ್ಬಳೇ. ಗಿಡಕ್ಕೆ ನೀರು ಹಾಕುವವರು ಯಾರು?

ಹೇಳಿ ಕೇಳಿ ನಾನು ಕಾಲೇಜಿನಲ್ಲಿ ವರ್ಷಗಟ್ಟಲೆ ರಸಾಯನಶಾಸ್ತ್ರ ಕಲಿಸಿದವಳು. ಓಣಿಯವರ ಕೈಕಾಲು ಹಿಡಿಯುವುದೇಕೆ? ಕುಂಡದ ಬದಿಗೆ ತುಸು ಎತ್ತರದಲ್ಲಿ ನೀರಿನ ಡಬ್ಬಿ ಇಟ್ಟೆ. ಮಗ್ಗದವರಿಂದ ತಂದ ಹೊಸ ಹತ್ತಿ ನೂಲನ್ನು ಹೊಸೆದು ಒಂದು ತುದಿಯನ್ನು ನೀರಿಗೆ, ಇನ್ನೊಂದನ್ನು ಮಣ್ಣಿಗೆ ಇಳಿಬಿಟ್ಟೆ. ನೀರಿನ ಅಣು ನೆಟ್ಟಗಿಲ್ಲ, ಮೊಣಕೈ ಮಡಿಸಿದ ಹಾಗೆ ಬಾಗಿದೆ. ಅದರ ಆಮ್ಲಜನಕದ ಕಡೆ ತುಸು ಋಣ, ಜಲಜನಕಗಳ ಕಡೆ ತುಸು ಧನ ವಿದ್ಯುದಂಶ. ಹಾಗಾಗಿ ಒಂದು ಅಣು ಇನ್ನೊಂದನ್ನು ಹಿಡಿಯುತ್ತದೆ, ಹತ್ತಿಯನ್ನೂ ಹಿಡಿಯುತ್ತದೆ. ಎಳೆ ಹಿಡಿದು, ಹಿಂದಿನದನ್ನು ಎಳೆದುಕೊಂಡು ನೀರು ತಾನೇ ಡಬ್ಬಿಯ ಅಂಚಿಗೇರಿ ಮಣ್ಣಿಗೆ ಇಳಿಯುತ್ತದೆ.

ತಂಗಿ ಚೇತರಿಸಿಕೊಂಡ ಮೇಲೆ ಇದನ್ನೆಲ್ಲ ಜಂಬದಿಂದ ಹೇಳಿ, ಚೀಲದಲ್ಲಿ ಉಳಿದಿದ್ದ ಅದೇ ನೂಲನ್ನು ನೀರಿನ ಲೋಟಕ್ಕೆ ಇಳಿಬಿಟ್ಟು ತೋರಿಸಿದೆ. ಚಹಾ ಕುಡಿದು ಮುಗಿದರೂ ಮೇಲಿನ ನೂಲು ಒಣ ಒಣ.

“ಅಕ್ಕಾ, ನಿನ್ನ ನೂಲು ಉಪಾಸ ಮಾಡಾಕತ್ತೈತಿ,” ಎಂದಳು ತಂಗಿ.

ಮನೆಯ ಕುಂಡಕ್ಕೆ ಇಳಿಬಿಟ್ಟದ್ದೂ ಇದೇ ನೂಲು. ತೊಳೆಯದ ಕೋರಾ ನೂಲಿನ ಮೇಲೆ ಹತ್ತಿಯದೇ ಮೇಣವಿರುತ್ತದೆ. ಮೇಣದಲ್ಲಿ ನೀರಿಗೆ ಹಿಡಿಯಲು ಅಂಥ ಋಣ-ಧನ ತುದಿಗಳಿಲ್ಲ. ಸೋಡಾ ಹಾಕಿ ಕುದಿಸಿದರೇನೇ ಅದು ಹೋಗುವುದು. ಹೊಸ ಟವೆಲ್ಲು ನೀರು ಹೀರುವುದಿಲ್ಲ ಎಂಬುದು ಸ್ನಾನ ಮಾಡುವ ಎಲ್ಲರಿಗೂ ಗೊತ್ತು! ಓದಿದ ಮಂಕೇ ಎಂದು ನನ್ನನ್ನೇ ಬೈದುಕೊಳ್ಳುತ್ತ ಬಸ್ಸು ಹತ್ತಿದೆ. ಬೆಳಗಾವಿ ಬರುವವರೆಗೂ ಕಣ್ಣ ಮುಂದೆ ಒಣಗಿದ ಕಡ್ಡಿಯೇ.

ಗಿಡ ಹಸಿರಾಗಿತ್ತು. ಎರಡು ಮೊಗ್ಗು ಬೇರೆ. ಬಗ್ಗಿ ಮುಟ್ಟಿ ನೋಡಿದೆ. ನೂಲು ಒಣಗಿಯೇ ಇತ್ತು.

ಎದುರುಮನೆಯ ಗೃಹಿಣಿ ತಂಬಿಗೆ ಹಿಡಿದು ಬಂದರು. ಮನೆಯೊಳಗೆ ಉರ್ದು ಮಾತಾಡುವ ಅವರದು ನನ್ನೊಡನೆ ಕನ್ನಡ.

“ದಿನಾ ಬಾಗಲಾ ತೊಳಿಯೂ ಮುಂದ ಇದಕ್ಕೂ ಒಂದ್ ತಂಬಿಗಿ ಹಾಕೀನ್ರಿ. ಆ ದಾರಾ ಮಾತ್ರ ಮುಟ್ಟಿಲ್ಲ. ನಿಮ್ದೇನೋ ಹರಕಿ ಇರಬೇಕು ಅಂದ್ಕೊಂಡ್ನಿ.”

ನಗುವೂ ಅಳುವೂ ಒಟ್ಟಿಗೇ ಬಂತು. “ಹರಕಿ ಅಲ್ರೀ, ರಸಾಯನಶಾಸ್ತ್ರ,” ಎಂದೆ.

“ಏನರ ಇರ್ಲಿ. ನನಗೂ ಒಂದು ಟೊಂಗಿ ಕೊಡ್ರಿ.”

ಅಲ್ಲೇ ಮುರಿದು ಕೊಟ್ಟೆ. ಮಳೆಗಾಲಕ್ಕೆ ಅದು ಚಿಗುರಿತು. ಈಗ ಅವ್ವನ ಮಲ್ಲಿಗೆ ಎರಡು ಕಟ್ಟೆಯ ಮೇಲಿದೆ. ಊರಿಗೆ ಹೊರಡುವಾಗ ನನಗೆ ಹೆದರಿಕೆಯಿಲ್ಲ.