ಬೇವಿನ ಹಲಗೆ ಒಣಗಿಸಿದ ಶೆಡ್ಡು

ಗಾಳಿಮಳೆಗೆ ಅಂಗಳದ ಬೇವಿನ ಮರ ಬಿದ್ದು, ನಮ್ಮಣ್ಣ ಅದರಡಿ ಸಿಕ್ಕು ಸತ್ತ. ಬಡಿಗತನ ಮಾಡುವ ಅಪ್ಪ ಆ ಮರವನ್ನೇ ಕೊಯ್ಯಿಸಿ ಹಲಗೆ ಮಾಡಿಸಿದ. ಅವನ್ನು ಒಣಗಿಸಲು ದೇವಿಕೊಪ್ಪದ ನಮ್ಮ ಹಿತ್ತಲಲ್ಲಿ ಅಪ್ಪನೂ ನಾನೂ ಸೇರಿ ಸಣ್ಣ ಶೆಡ್ಡು ಕಟ್ಟಿದೆವು. ಕಂಬ ನೆಟ್ಟು ತಗಡು ಹೊದಿಸಿ, ಗಾಳಿಯಾಡಲೆಂದು ಗೋಡೆ ಕಟ್ಟದೆ ಬಿಟ್ಟೆವು.

“ನನ್ನ ಮಗನ್ನ ತಿಂದ ಕಟ್ಟಿಗಿ ಅದು. ಸುಟ್ಟ ಹಾಕ್ರಿ,” ಎಂದಳು ಅವ್ವ.

“ಮರಕ್ಕೇನ ಗೊತ್ತಿತ್ತ? ಮನಿಗಿ ಹೊಸಾ ಬಾಗಲಾ ಮಾಡೂಣು ಅಂತಿದ್ದ ಅಂವಾ,” ಎಂದ ಅಪ್ಪ.

ಹಸಿ ಬೇವಿನ ಘಾಟು ಅಡುಗೆಮನೆಗೆ ಬರುತ್ತಿತ್ತು. ಅವ್ವ ಕಿಟಕಿ ಮುಚ್ಚಿ ಹೊಗೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಬೇಸಿಗೆ ಕಳೆದು ಹಲಗೆ ಒಣಗಿದ ಮೇಲೆ ಅಪ್ಪ ಮುಂಬಾಗಿಲು ಮಾಡಿ ಕೂರಿಸಿದ. ಅವ್ವ ಇಂದಿಗೂ ಅದನ್ನು ದಾಟಿಲ್ಲ. ನೀರಿಗೆ, ಸಂತೆಗೆ, ಬೀಗರ ಮನೆಗೆ, ಎಲ್ಲಕ್ಕೂ ಹಿತ್ತಲಿಂದಲೇ ಹೋಗಿಬರುತ್ತಾಳೆ.