ಹತ್ತಾ ಬೆಟ್ಟದಲ್ಲಿ ಗಂಗಿ ಪೂಜೆ

ನನ್ನ ಬಾಣಂತನಕ್ಕೆಂದು ಧಾರವಾಡದಿಂದ ಅರಬ್ ನಾಡಿನ ಮಿರ್ದಿಫ್‌ನ ನಮ್ಮ ಮನೆಗೆ ಬಂದಿದ್ದ ಅವ್ವ ಒಂದೇ ಹಟ ಹಿಡಿದಿದ್ದಳು: ಗಂಗಿ ಪೂಜೆ ಆಗದೆ ಊರಿಗೆ ಹೋಗುವುದಿಲ್ಲ. ನಮ್ಮಲ್ಲಿ ಬಾಣಂತಿ ಬಾವಿಗೆ ಅರಿಷಿಣ ಕುಂಕುಮ ಏರಿಸಿ, ತಾನೇ ನೀರು ಸೇದಿ, ಕೊಡ ಹೊತ್ತು ನಡೆದರೆ ಬಾಣಂತನ ಮುಗಿದಂತೆ. ಆಮೇಲೆ ತವರಿನವರ ಆರೈಕೆಗೆ ಮಂಗಳ. ನಲ್ಲಿಗೇ ಪೂಜೆ ಮಾಡಿದರಾಯಿತಲ್ಲ ಎಂದು ನನ್ನ ಗಂಡ ಹೇಳಿ ನೋಡಿದರು.

"ಸಮುದ್ರದ ನೀರು ಸಿಹಿ ಮಾಡಿ ಬಿಡ್ತಾರಂತ. ಅದೆಂಥಾ ಗಂಗವ್ವ? ನೆಲದಾಗಿನ ನೀರು ಬೇಕು," ಎಂದಳು ಅವ್ವ.

ಹೀಗೆ ತೊಂಬತ್ತರ ದಶಕದ ಕೊನೆಯ ಒಂದು ಶುಕ್ರವಾರ, ಕೂಸನ್ನೂ ಎತ್ತಿಕೊಂಡು, ಬಾವಿ ಹುಡುಕಲು ಹತ್ತಾ ಎಂಬ ಊರಿನ ಬೆಟ್ಟಗಳ ಕಡೆ ಹೊರಟೆವು. ಬಾವಿ ಸಿಗದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವ್ವನ ವೀಸಾ ಇನ್ನೊಂದು ತಿಂಗಳು ಮುಂದುವರಿಸಬಹುದಿತ್ತು. ಅವಳು ಹೋದಮೇಲೆ, ಗಂಡ ಆಫೀಸಿಗೆ ಹೊರಟರೆ, ಅಷ್ಟು ದೊಡ್ಡ ವಿಲ್ಲಾದಲ್ಲಿ ನಾನು, ಕೂಸು ಇಬ್ಬರೇ. ನನಗೆ ಹೆದರಿಕೆಯಿತ್ತು.

ಡಾಂಬರು ರಸ್ತೆ ಬಿಟ್ಟು ಒಳಗೆ ಹೋದಲ್ಲಿ ಪಾಳುಬಿದ್ದ ಆಡಿನ ದೊಡ್ಡಿಯೊಂದು ಕಂಡಿತು. ಕಲ್ಲು ಪೇರಿಸಿದ ಗೋಡೆ ಮೊಣಕಾಲೆತ್ತರಕ್ಕೆ ಕುಸಿದಿತ್ತು. ಒಳಗೆ ಒಣಗಿದ ಹಿಕ್ಕೆ, ಖರ್ಜೂರದ ಗರಿ, ಆಡುಗಳಿಗೆ ನೀರು ಕುಡಿಸುತ್ತಿದ್ದ ಕಲ್ಲಿನ ಬಾನಿ. ಪಕ್ಕದ ಬಾವಿಯ ಕಟ್ಟೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಹೂತುಹೋಗುವಷ್ಟು ಆಳದ ಗೀರುಗಳಿದ್ದವು. ಅವ್ವ ಒಂದು ಕಲ್ಲು ಎಸೆದಳು. ಠಣ್ ಎಂದಿತು. ದೇವರು ದೊಡ್ಡವನು ಎಂದುಕೊಂಡೆ.

ಅಷ್ಟರಲ್ಲಿ ಪಿಕಪ್‌ನಲ್ಲಿ ಆಡು ತುಂಬಿಕೊಂಡು ಅರಬ್ ಮುದುಕನೊಬ್ಬ ಬಂದ. ಅವ್ವನ ಕೈಯಲ್ಲಿದ್ದ ತಾಮ್ರದ ಕೊಡ ನೋಡಿ ನಮಗೆ ನೀರಡಿಕೆಯಾಗಿದೆ ಎಂದು ತಿಳಿದ.

"ಇದರ್ ಪಾನಿ ಮಾಫಿ. ಯಲ್ಲಾ, ಮೇರೇ ಪೀಛೆ ಆವೋ," ಎಂದ, ಇಲ್ಲಿ ನೀರಿಲ್ಲ, ತನ್ನ ಹಿಂದೆ ಬನ್ನಿ ಎಂಬಂತೆ.

ಉಪಕಾರ ಮಾಡುವವರಿಗೂ ಹೊತ್ತುಗೊತ್ತು ಬೇಡವೇ!

ಅವನ ಖರ್ಜೂರದ ತೋಟದ ಬಾವಿಯಲ್ಲಿ ತಿಳಿನೀರಿತ್ತು. ಕೂಸಿನ ಸಲುವಾಗಿ ಪ್ರಾರ್ಥನೆ ಎಂದು ಗಂಡ ಹಿಂದಿಯಲ್ಲಿ ವಿವರಿಸಿದರು. ಮುದುಕ ಅವರ ತೋಳಿನಲ್ಲಿ ಮಲಗಿದ್ದ ಕೂಸಿನ ಮುಖ ನೋಡಿ, ತಲೆಯಾಡಿಸಿ, ಆಡು ಇಳಿಸಲು ಹೋದ. ಅವ್ವ ಕಟ್ಟೆಗೆ ಅರಿಷಿಣ ಹಚ್ಚಿ, ಎಲೆ ಅಡಿಕೆ ಇಟ್ಟಳು. ನಾನು ಅವನ ರಬ್ಬರ್ ಬಕೀಟಿನಿಂದ ನೀರು ಸೇದಿ ಕೊಡ ತುಂಬಿಸಿ ಸೊಂಟಕ್ಕೇರಿಸಿದೆ.

ಕಾರಿನ ತನಕ ದಾರಿಯೆಲ್ಲ ಕಲ್ಲು. ಅವ್ವ ಕೈ ಹಿಡಿಯುತ್ತಾಳೆಂದು ಕಾದೆ.

"ನಡಿ ನಡಿ, ಬೀಳೂದಿಲ್ಲ ನೀ," ಎಂದಳು.

ಒಬ್ಬಳೇ ನಡೆದೆ. ಬೀಳಲಿಲ್ಲ. ಕಾರಿನ ಹತ್ತಿರ ನಿಂತು ತಿರುಗಿ ನೋಡಿದರೆ ಅವ್ವ ಎರಡೂ ಕೈಯಿಂದ ಬಾವಿಕಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಊರಿಗೆ ಹೋಗುವ ಮನಸ್ಸು ಅವಳಿಗೂ ಇರಲಿಲ್ಲ.