ಕೆಂಪವ್ವನ ಕೆನ್ನೆಯೊಳಗಿನ ಬಿಳಿ ಕಲೆ

ತೊರಗಲ್ಲಿನ ಕೆಂಪವ್ವನಿಗೆ ಯಾರಾದರೂ “ಆರಾಮ ಇದ್ದೀರೇನ್ರಿ?” ಎಂದು ಕೇಳಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಆರಾಮ ಇದ್ದಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಜಂಪರು ಹೊಲಿಯುವುದು ಅವಳ ಉದ್ಯೋಗ. ಹಲ್ಲಿಗೆ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕುವ ಚಟ ಮದುವೆಗೂ ಮೊದಲಿನದು. ಐದಾರು ವರ್ಷದ ಹಿಂದೆ ರಾಮದುರ್ಗದಲ್ಲಿ ಹಲ್ಲು ತಪಾಸಣೆಯ ಶಿಬಿರ ನಡೆದಾಗ ಅವಳ ಎಡಗೆನ್ನೆಯ ಒಳಗೆ ಉಗುರಿನಷ್ಟು ಬಿಳಿ ಕಲೆ ಕಂಡಿತು. ಬೆಳಗಾವಿಯ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಡಾಕ್ಟರ್ ಉಮಾಶ್ರೀ ಒಂದು ಚೂರು ಕತ್ತರಿಸಿ ಪರೀಕ್ಷೆ ಮಾಡಿಸಿ ಹೇಳಿದರು: “ಕ್ಯಾನ್ಸರ್ ಅಲ್ಲರಿ. ಮುಂದ ಆಗಬಹುದು, ಆಗದೇನೂ ಇರಬಹುದು. ಮಿಶ್ರಿ ಬಿಡ್ರಿ, ಆರು ತಿಂಗಳಿಗೊಮ್ಮೆ ಬಂದು ತೋರಸ್ರಿ.”

ಮಿಶ್ರಿಯನ್ನು ಅವಳು ಅಂದೇ ಬಿಟ್ಟಳು. ಕಲೆ ಮಾತ್ರ ಅವಳನ್ನು ಬಿಡಲಿಲ್ಲ. ಪ್ರತಿ ಸಲ ನಸುಕಿನ ಬಸ್ಸು, ಮಧ್ಯಾಹ್ನದವರೆಗೆ ಪಾಳಿ. ಒಳಗೆ ಹೋದರೆ ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, “ಹಂಗ ಐತ್ರಿ, ಮತ್ತ ಬರ್ರಿ.” ಅಷ್ಟೇ. ಜೊತೆಗೆ ಬರುವ ಗಂಡ ಗಂಗಪ್ಪ, ಗೋಡೆ ಕಟ್ಟುವ ಗೌಂಡಿ ಕೆಲಸದವನು, ಆಸ್ಪತ್ರೆಯ ಗೇಟಿನ ಹೊರಗೆ ಗುಟ್ಕಾ ಜಗಿಯುತ್ತ ಕುಳಿತಿರುತ್ತಿದ್ದ. ಇತ್ತ ಊರಲ್ಲಿ ಅವಳಿಗೆ ಕ್ಯಾನ್ಸರ್ ಎಂದು ಸುದ್ದಿ ಹಬ್ಬಿತು. ಅಳತೆ ಕೊಡಲು ಬಂದ ರಾಚವ್ವ ಚಹಾ ಮುಟ್ಟದೆ ಎದ್ದು ಹೋದಳು.

“ಏನರ ಇದ್ರ ಐತಿ ಅನ್ರಿ, ಇಲ್ಲಂದ್ರ ನನ್ನ ಬಿಡ್ರಿ!” ಎಂದು ಡಾಕ್ಟರ ಮುಂದೆ ಕೂಗಾಡಿ ಬಂದವಳು ಮತ್ತೆ ಹೋಗಲಿಲ್ಲ. ಆಸ್ಪತ್ರೆಯಿಂದ ಫೋನು ಬಂದರೆ “ಇನ್ನಾ ಸತ್ತಿಲ್ಲರಿ, ಸತ್ತರ ತಿಳಸ್ತೇವಿ” ಎಂದು ಇಟ್ಟುಬಿಡುತ್ತಿದ್ದಳು. ಒಂದು ವರ್ಷ ದಾಟಿದರೂ ಫೋನು ನಿಲ್ಲಲಿಲ್ಲ. ಕೊನೆಗೆ “ನನ್ನ ಹೆಸರು ತಗಸೇ ಬರತೇನಿ” ಎಂದು ಹೊರಟಳು.

ಆ ದಿನ ಉಮಾಶ್ರೀ “ಹಂಗ ಐತಿ” ಅನ್ನಲಿಲ್ಲ. ಬಿಳಿಯ ನಡುವೆ ಕೆಂಪು ಮೂಡಿತ್ತು. ಮತ್ತೆ ಚೂರು ಕತ್ತರಿಸಿದರು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಆದರೆ ಆ ದಾರಿ ಹಿಡಿದಿತ್ತು. ಕಲೆಯನ್ನು ಪೂರ್ತಿ ತೆಗೆದುಹಾಕಿದರು.

“ಇನ್ನೊಂದ ವರ್ಷ ಬರದ ಇದ್ದಿದ್ರ?” ಕೆಂಪವ್ವ ಕೇಳಿದಳು.

“ಗೊತ್ತಿಲ್ಲರಿ.”

ಹೆದರಿಕೆಯ ನಡುವೆಯೂ ಆ ಉತ್ತರಕ್ಕೆ ಅವಳಿಗೆ ರೇಗಿತು. ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರು, “ಇನ್ನ ಮೂರು ತಿಂಗಳಿಗೊಮ್ಮೆ ಬರಬೇಕ್ರಿ” ಎಂದರು. ಕೆಂಪವ್ವ ತಟ್ಟನೆ ಎದ್ದು ಗೇಟಿಗೆ ಹೋಗಿ, ಗಂಗಪ್ಪನ ತೋಳು ಹಿಡಿದು ಎಳೆದುಕೊಂಡೇ ಬಂದಳು.

“ಚಟ ಬಿಟ್ಟಾಕಿನೂ ನಾನ, ಅಡ್ಡಾಡಾಕಿನೂ ನಾನ. ಇವರ ಬಾಯಿ ಒಂದೀಟು ನೋಡ್ರಿ!”

ಗಂಗಪ್ಪನ ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ಕೆನ್ನೆ ಒಳಗೆ ಹಗ್ಗದ ಹಾಗೆ ಬಿಗಿದಿತ್ತು. ಖಾರ ಉರಿಯುತ್ತದೆಂದು ಅವನು ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಿದ್ದುದು ವಯಸ್ಸಾಗಿದ್ದರಿಂದ ಅಲ್ಲ, ಇದರಿಂದಲೇ ಎಂದು ಅವಳಿಗೆ ಆಗ ತಿಳಿಯಿತು.

“ಗುಟ್ಕಾದಿಂದ ಹಿಂಗ ಆಗೈತ್ರಿ. ಇವರೂ ಬರಬೇಕಾಗ್ತೈತ್ರಿ,” ಅಂದರು ಉಮಾಶ್ರೀ.

ಬಸ್ಸಿನಲ್ಲಿ ಗಂಗಪ್ಪ ಗೊಣಗಿದ: “ಸುಮ್ನ ಕುಂತಾವನ್ನ ಎಳಕೊಂಡು ಹೋಗಿ ರೋಗಿ ಮಾಡಿದಿ.”

“ಹೌದ್ರಿ, ನಾನ ಮಾಡೀನಿ,” ಎಂದು ಅವಳು ಕಿಟಕಿಯತ್ತ ಮುಖ ತಿರುಗಿಸಿದಳು.

ಈಗ ಇಬ್ಬರೂ ಹೋಗುತ್ತಾರೆ. ಕೆಂಪವ್ವನ ಗಾಯ ಮಾಯ್ದಿದೆ, ಕಲೆ ಮರಳಿಲ್ಲ. ಗಂಗಪ್ಪ ಗುಟ್ಕಾ ಬಿಟ್ಟೆನೆನ್ನುತ್ತಾನೆ. ಅಂಗಿ ಒಗೆಯುವಾಗ ಜೇಬು ತಡಕಿ ನೋಡುವವರೆಗೆ ಅವಳು ನಂಬುವುದಿಲ್ಲ.